ಒಂಬತ್ತನೇ ಸಾಲು

ಮೊದಲೇ ಹೇಳಿಬಿಡುತ್ತೇನೆ, ನಾನು ಅಂಥ ಒಳ್ಳೆಯ ಹೆಂಗಸೇನಲ್ಲ. ಪಕ್ಕದ ಮನೆಯವರು ಇನ್ನೊಂದು ಮಹಡಿ ಎಬ್ಬಿಸಿದಾಗ ಎರಡು ದಿನ ನನಗೆ ಊಟ ಸೇರಿರಲಿಲ್ಲ. ಓರಗಿತ್ತಿ ಹೊಸ ಸೀರೆ ಉಟ್ಟು ಬಂದರೆ ಬಣ್ಣ ಚೆನ್ನಾಗಿದೆ ಎಂದು ಬಾಯಲ್ಲಿ ಹೇಳುತ್ತೇನೆ, ಮನಸ್ಸಿನಲ್ಲಿ ಬೇರೆಯೇ ಹೇಳಿಕೊಳ್ಳುತ್ತೇನೆ. ಆದರೆ ಕೆಲಸದ ವಿಷಯದಲ್ಲಿ ಇಪ್ಪತ್ತೊಂದು ವರ್ಷ ಯಾರನ್ನೂ ನೋಡಿ ಹೊಟ್ಟೆ ಉರಿದುಕೊಂಡವಳಲ್ಲ. ಅದರ ಅಗತ್ಯವೇ ಬಂದಿರಲಿಲ್ಲ. ನನ್ನನ್ನು ನೋಡಿ ಉರಿದುಕೊಳ್ಳುವವರು ಬೇಕಾದಷ್ಟು ಜನ ಇದ್ದರು.

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಕಂಪನಿ. ನೀರಿನ ಪಂಪುಗಳಿಗೆ ಬೇಕಾದ ವಾಲ್ವ್ ಬಾಡಿಗಳನ್ನು ಮಾಡಿ ಕಳಿಸುತ್ತೇವೆ. ನಾನು ಅಲ್ಲಿ ಕ್ವಾಲಿಟಿ ವಿಭಾಗದ ಮುಖ್ಯಸ್ಥೆ, ಹೆಸರು ಅನುಸೂಯಮ್ಮ. ಗಿರಾಕಿಯ ಕಡೆ ಮಾಲು ರಿಜೆಕ್ಟ್ ಆಯಿತೆಂದರೆ ಎರಡು ದಿನದೊಳಗೆ ನಮ್ಮಿಂದ ಉತ್ತರ ಹೋಗಬೇಕು. ಏನು ಕೆಟ್ಟಿತು, ಎಷ್ಟು ಕೆಟ್ಟಿತು, ಯಾಕೆ, ನಿಮ್ಮಲ್ಲೇ ಯಾಕೆ ಹಿಡಿಯಲಿಲ್ಲ, ಈಗೇನು ಮಾಡಿದಿರಿ, ಇನ್ನು ಮುಂದೆ ಏನು ಮಾಡುತ್ತೀರಿ, ಹೀಗೆ ಏಳು ಕಲಮಿನ ವರದಿ. ಕಲಮು ಹಿಂದುಮುಂದಾದರೂ ಪುಣೆಯ ಗಿರಾಕಿ ವಾಪಸ್ಸು ಕಳಿಸುತ್ತಾನೆ. ಈ ವರದಿಗಳನ್ನು ಇಷ್ಟು ವರ್ಷವೂ ನಾನೇ ಕೈಯಲ್ಲಿ ಬರೆಯುತ್ತಿದ್ದೆ, ಆಫೀಸಿನವರು ಟೈಪ್ ಮಾಡುತ್ತಿದ್ದರು. ನಾನು ಕಣ್ಣಾರೆ ನೋಡದ ಒಂದು ಅಳತೆಯೂ ನನ್ನ ಸಹಿಯ ಕೆಳಗೆ ಹೋದದ್ದಿಲ್ಲ. ನಮ್ಮ ಮಾಲೀಕರು ರುದ್ರೇಶ್ ಸಾರ್ ಹೊಸ ಗಿರಾಕಿಗಳಿಗೆ ನನ್ನ ಪರಿಚಯ ಮಾಡಿಸುವಾಗ, "ಇವ್ರು ಬರೆದ್ರೆ ಮುಗೀತು, ಆಮೇಲೆ ಯಾರೂ ಪ್ರಶ್ನೆ ಕೇಳಲ್ಲ" ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನ್ನ ನಡಿಗೆಯೇ ಬೇರೆ.

ಭುವನೇಶ್ವರಿಯನ್ನು ಅಲ್ಲಿಗೆ ಕರೆದುಕೊಂಡು ಹೋದದ್ದೂ ನಾನೇ. ಯಾರನ್ನು ಬೈಯಲಿ? ದಾಸರಹಳ್ಳಿಯಲ್ಲಿ ನಮ್ಮ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದ ಹುಡುಗಿ ಅವಳು, ಲಿಂಗಸುಗೂರಿನ ಕಡೆಯವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಗಾರ್ಮೆಂಟ್ಸಿನಲ್ಲಿ ಗುಂಡಿ ಎಣಿಸುತ್ತಿದ್ದಳು. ಅವಳ ತಾಯಿ ಮುದುಕವ್ವ ಊರಿಂದ ಬಂದಾಗ ಒಂದು ಕಟ್ಟು ಜೋಳದ ರೊಟ್ಟಿ ನನ್ನ ಮುಂದಿಟ್ಟು, "ಯವ್ವಾ, ನಮ್ಮ ಹುಡುಗಿ ಕಲ್ತದ್ದಕ್ಕ ತಕ್ಕ ಕೆಲಸ ಕೊಡಸ್ರಿ" ಎಂದು ಕೈ ಮುಗಿದಳು. ನನ್ನ ಕರುಳು ಚುರ್ರೆಂದಿತು. ರುದ್ರೇಶ್ ಸಾರ್ ಹತ್ತಿರ ಹೇಳಿ ಟ್ರೈನಿಯಾಗಿ ಸೇರಿಸಿದೆ. ಎಂಟು ತಿಂಗಳ ಮೇಲೆ ಪರ್ಮನೆಂಟ್ ಮಾಡುವ ಪತ್ರ, ಅದಕ್ಕೆ ವಿಭಾಗದ ಮುಖ್ಯಸ್ಥರ ಶಿಫಾರಸು ಬೇಕು. ಅಂದರೆ ನನ್ನ ಸಹಿ.

ಹುಡುಗಿ ಚುರುಕು. ಮೊದಲ ವಾರವೇ ಒಂದು ಅಳತೆಯ ಹಾಳೆಯಲ್ಲಿ ಖಾಲಿ ಉಳಿದ ಮನೆಗಳನ್ನು ಅಕ್ಕಪಕ್ಕದ ಸಂಖ್ಯೆ ನೋಡಿ ಅಂದಾಜಿನ ಮೇಲೆ ತುಂಬಿಸಿದ್ದಳು. ನಾನು ಎಲ್ಲರ ಮುಂದೆ ಝಾಡಿಸಿದೆ. "ಅಳೆಯದಿದ್ರೆ ಅಳೆದಿಲ್ಲ ಅಂತ ಬರಿ. ತಲೆಯಿಂದ ಸಂಖ್ಯೆ ಹುಟ್ಟಿಸ್ಬೇಡ!" ಅವಳು ಅಳಲಿಲ್ಲ. "ಆತ್ರೀ ಅಕ್ಕಾ" ಎಂದಳು, ಮತ್ತೆಂದೂ ಆ ತಪ್ಪು ಮಾಡಲಿಲ್ಲ. ಆಗ ನನಗೆ ಅವಳ ಮೇಲೆ ಹೆಮ್ಮೆಯೇ ಇತ್ತು.

ಆಮೇಲೆ ಬಂತಲ್ಲ ಈ ಎಐ ಎನ್ನುವ ಮಾರಿ. ರುದ್ರೇಶ್ ಸಾರ್ ಯಾವುದೋ ಸಭೆಗೆ ಹೋಗಿ ಬಂದವರು ಕಿವಿಯಲ್ಲಿ ಗುಂಗಿಹುಳು ಹೊಕ್ಕವರ ಹಾಗೆ ಆಡತೊಡಗಿದರು. ಇನ್ನು ಮೇಲೆ ವರದಿ ಅದೇ ಬರೆಯುತ್ತದಂತೆ, ಹತ್ತು ನಿಮಿಷವಂತೆ. ತಾವೇ ಕೂತು, ಒಳ್ಳೆಯ ಉತ್ತರ ಬರೆದುಕೊಡು ಎಂದು ಕೇಳಿದರು. ನಾಲ್ಕು ಪುಟ ಬಂತು, ಅದರಲ್ಲಿ ಎರಡು ಪುಟ ಬರೀ ಕ್ಷಮಾಪಣೆ. ಮರುದಿನ ಅದೇ ದೂರಿಗೆ ಕೇಳಿದರೆ ಕಲಮುಗಳೆಲ್ಲ ಹೋಗಿ ಬರೀ ಚುಕ್ಕೆ ಚುಕ್ಕೆ ಪಟ್ಟಿ. ಮೂರನೇ ದಿನ ಕಥೆ ಹೇಳಿದ ಹಾಗೆ ಉದ್ದುದ್ದ ಪ್ಯಾರಾ. ಪುಣೆಯವನು ಫೋನ್ ಮಾಡಿ, ನಿಮ್ಮಲ್ಲಿ ಮೂರು ಬೇರೆ ಬೇರೆ ಕಂಪನಿಗಳಿವೆಯೇ ಎಂದು ಕೇಳಿದ. ನಾನು ಮುಖ ಗಂಟಿಕ್ಕಿಕೊಂಡು ಕೂತಿದ್ದೆ, ಒಳಗೊಳಗೇ ಹಾಲು ಕುಡಿದಷ್ಟು ಖುಷಿ.

"ಸರ್, ನಾ ಒಮ್ಮೆ ನೋಡ್ಲೇನ್ರಿ?" ಎಂದಳು ಭುವನೇಶ್ವರಿ. "ಎರಡ್ ದಿನ ಕೊಡ್ರಿ."

ಎರಡು ದಿನ ಆ ಹುಡುಗಿ ಮಾಡಿದ್ದನ್ನು ನಾನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಎಐಗೆ ಕೊಡುವ ಸೂಚನೆಯನ್ನು ಅವಳು ಕನ್ನಡದಲ್ಲಿ ಬರೆದಳು. ಪ್ರಾಂಪ್ಟ್ ಎನ್ನುತ್ತಾರಂತೆ ಅದಕ್ಕೆ. ಒಂದೇ ದೂರನ್ನು ಐದು ಸಲ ಕೊಟ್ಟು ಐದು ಉತ್ತರ ತೆಗೆದಳು. ಐದನ್ನೂ ಪ್ರಿಂಟ್ ಹಾಕಿ ಮೇಜಿನ ಮೇಲೆ ಸಾಲಾಗಿ ಹರಡಿ, ಎಲ್ಲೆಲ್ಲಿ ಒಂದಕ್ಕೊಂದು ಬೇರೆಯಾಗಿದೆಯೋ ಅಲ್ಲಲ್ಲಿ ಪೆನ್ಸಿಲ್ಲಿನಿಂದ ಸುತ್ತು ಹಾಕಿದಳು. ಒಂದರಲ್ಲಿ ಪಟ್ಟಿಗೆ ಮೂರು ಕಾಲಂ, ಇನ್ನೊಂದರಲ್ಲಿ ಐದು. ಹೋಗಿ ಸೂಚನೆಯಲ್ಲಿ ನಾಲ್ಕೇ ಕಾಲಂ, ಹೆಸರು ಇಂತಿಂಥದ್ದು ಎಂದು ಸೇರಿಸಿದಳು. ಮತ್ತೆ ಐದು ಸಲ. ಈ ಸಲ ಕ್ಷಮಾಪಣೆ ಎಲ್ಲೆಂದರಲ್ಲಿ ಬಂತು. ಕ್ಷಮೆ ಒಂದೇ ಸಲ, ಕೊನೆಯಲ್ಲಿ ಎಂದು ಬರೆದಳು. ಹೊಸ ಆಪರೇಟರಿಗೆ ಕೆಲಸ ಹೇಳಿಕೊಡುವುದೂ ಹೀಗೆಯೇ. ಅವನು ತಪ್ಪಿದ್ದು ಎಲ್ಲಿ ಎಂದು ನೋಡಿ, ಮುಂದಿನ ಸಲ ಆ ಮಾತನ್ನು ಬಾಯಿಬಿಟ್ಟು ಹೇಳಬೇಕು. ಅದನ್ನು ಅವಳಿಗೆ ಕಲಿಸಿದ್ದು ಯಾರು? ನಾನೇ ತಾನೇ?

ಎರಡನೇ ದಿನ ಸಂಜೆ ಐದು ಪ್ರಿಂಟುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ ಕಲಮಿಗೆ ಕಲಮು ಸರಿಯಾಗಿ ಕೂತಿತ್ತು. ರುದ್ರೇಶ್ ಸಾರ್ ಬಾಯಿ ತೆರೆದವರು ಮುಚ್ಚಲಿಲ್ಲ. "ಏನಮ್ಮ ಇದು, ಸಕ್ಕತ್! ಅನುಸೂಯಮ್ಮ, ನೋಡಿದ್ರಾ ನಿಮ್ಮ ಹುಡುಗೀನ?"

"ನೋಡ್ದೆ ಸಾರ್" ಎಂದೆ. ಮೈಯೆಲ್ಲ ಉರಿದುಹೋಯಿತು.

ಅಂದಿನಿಂದ ನನ್ನ ಪೆನ್ನಿಗೆ ಕೆಲಸ ಹೋಯಿತು. ನಾನು ಅರ್ಧ ದಿನ ಕೂತು ಬರೆಯುತ್ತಿದ್ದುದು ಅವಳ ಮೇಜಿನಲ್ಲಿ ಹತ್ತು ನಿಮಿಷಕ್ಕೆ ಸಿದ್ಧ. ಅಳತೆಯ ಹಾಳೆಯೊಂದಿಗೆ ತಾಳೆ ಹಾಕಿ, ಪೆನ್ಸಿಲ್ ಗುರುತು ಮಾಡಿ, "ಅಕ್ಕಾ, ಒಮ್ಮೆ ನೋಡ್ರಿ" ಎಂದು ನನ್ನ ಮುಂದಿಡುತ್ತಿದ್ದಳು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕುತ್ತಿದ್ದೆ. ಸಿಕ್ಕುತ್ತಿರಲಿಲ್ಲ. ಪರಿಶೀಲಿಸಿದವರು ಎನ್ನುವ ಜಾಗದಲ್ಲಿ ಸಹಿ ಹಾಕುತ್ತಿದ್ದೆ, ಅಷ್ಟೇ ನನ್ನ ಪಾಲು. ಟೀ ತರುವ ಸೊಣ್ಣಮ್ಮ ಮೊದಲ ಲೋಟ ನನಗೆ ಇಡುತ್ತಿದ್ದವಳು ಈಗ ಅವಳ ಮೇಜಿಗೆ ಮೊದಲು ಹೋಗುತ್ತಿದ್ದಳು. ರುದ್ರೇಶ್ ಸಾರ್ ಬಾಯಲ್ಲಿ ಹೆಸರು ಚಿಕ್ಕದಾಗಿ ಭುವಿ ಆಯಿತು. ನನ್ನ ಹೆಸರನ್ನು ಇಪ್ಪತ್ತೊಂದು ವರ್ಷದಲ್ಲಿ ಅವರು ಚಿಕ್ಕದು ಮಾಡಿರಲಿಲ್ಲ.

ಮನೆಗೆ ಬಂದರೆ ಅಲ್ಲೂ ಅದೇ ಗೋಳು. ನನ್ನ ಗಂಡ ಮುರಳಿಗೆ ನನ್ನ ಕಾಲೆಳೆಯದಿದ್ದರೆ ಮುದ್ದೆ ಇಳಿಯುವುದಿಲ್ಲ.

"ಏನಂತೆ ನಮ್ಮ ಮೇಲ್ಮನೆ ಮೇಡಂ ಸಮಾಚಾರ?" ಎಂದರು ಒಂದು ದಿನ. "ನಿನ್ನ ಸೀಟಿಗೆ ಟವಲ್ ಹಾಕಿದ್ಲಂತೆ?"

"ಸುಮ್ನೆ ಉಣ್ರೀ ಸಾಕು."

"ಬಾಡಿಗೆ ಜಾಸ್ತಿ ಮಾಡ್ಬಿಡೋಣ ಬಿಡು, ಓಡೋಗ್ತಾಳೆ."

ಅವರು ತಮಾಷೆಗೆ ಅಂದದ್ದು. ನಾನು ಎರಡು ತುತ್ತು ಉಣ್ಣುವಷ್ಟು ಹೊತ್ತು ನಿಜವಾಗಿಯೂ ಅದನ್ನೇ ಯೋಚಿಸಿದೆ. ನಾಚಿಕೆಯಾಗಬೇಕು ನನಗೆ.

ಆಫೀಸಿನಲ್ಲಿ ಎಲ್ಲರೂ ನನಗೆ ಕಂಪ್ಯೂಟರ್ ಬರುವುದಿಲ್ಲ ಎಂದುಕೊಂಡಿದ್ದರು. ನಾನೂ ಹಾಗೆಂದೇ ಬಿಟ್ಟಿದ್ದೆ, ಬರುತ್ತದೆ ಎಂದರೆ ಎಲ್ಲ ಕೆಲಸವನ್ನೂ ತಲೆಗೆ ಕಟ್ಟುತ್ತಾರೆ. ಆದರೆ ಮೌಸ್ ಹಿಡಿದು ಫೈಲ್ ತೆಗೆಯುವಷ್ಟು ಯಾರಿಗೆ ಬರುವುದಿಲ್ಲ? ಊಟದ ಹೊತ್ತಿಗೆ ಅವಳು ಕ್ಯಾಂಟೀನಿಗೆ ಹೋದಳೆಂದರೆ ನಾನು ಅವಳ ಕುರ್ಚಿಯಲ್ಲಿ ಕೂತು ಆ ಪ್ರಾಂಪ್ಟ್ ತೆಗೆದು ಓದುತ್ತಿದ್ದೆ. ಹನ್ನೆರಡು ಸಾಲು. ದಿನಾ ಓದುತ್ತಿದ್ದೆ. ಕೆರೆದಷ್ಟೂ ಕೆರೆಯಬೇಕೆನಿಸುವ ತುರಿಯ ಹಾಗೆ ಆಗಿತ್ತು ಅದು.

ಮೊದಲನೇ ಸಾಲೇ ಸಾಕು ಪಿತ್ತ ನೆತ್ತಿಗೇರಲು. "ನೀನು ಪೀಣ್ಯದ ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಂಗಸು." ನಾನು! ಯಂತ್ರಕ್ಕೆ ನಾನಾಗು ಎಂದು ಹೇಳಿದ್ದಾಳೆ, ನಾನು ಪಕ್ಕದಲ್ಲೇ ಕೂತಿರುವಾಗ! ಹತ್ತನೇ ಸಾಲಿನಲ್ಲಿ, ಮಾದರಿ ವರದಿ ಕೆಳಗಿದೆ ಎಂದು ಬರೆದು ಒಂದು ಹಳೆಯ ವರದಿ ಅಂಟಿಸಿದ್ದಳು. ಅದು ಯಾರದ್ದು? ನನ್ನದು. ನಾನು ಜ್ವರ ಇಟ್ಟುಕೊಂಡು ಬರೆದದ್ದು, ಪುಣೆಯವರು ಅದನ್ನು ಬೇರೆ ಕಂಪನಿಗಳಿಗೂ ತೋರಿಸಿದ್ದರು. ಮತ್ತೆ ಒಂಬತ್ತನೇ ಸಾಲು. "ಅಳೆಯದಿದ್ದರೆ ಅಳೆದಿಲ್ಲ ಅಂತ ಬರಿ. ತಲೆಯಿಂದ ಸಂಖ್ಯೆ ಹುಟ್ಟಿಸಬೇಡ." ನನ್ನ ಬಾಯಿಂದ ಬಿದ್ದ ಮಾತು, ಅಕ್ಷರ ಬಿಡದೆ. ಅದನ್ನು ಓದಿ ಬೇರೆಯವರಾಗಿದ್ದರೆ ಖುಷಿಪಡುತ್ತಿದ್ದರೇನೋ. ನನಗೆ ಮಾತ್ರ ನನ್ನ ಒಡವೆ ಹಾಕಿಕೊಂಡು ನನ್ನೆದುರಿಗೇ ಮದುವೆಗೆ ಹೊರಟವಳನ್ನು ನೋಡಿದಂತಾಯಿತು.

ಅಷ್ಟರಲ್ಲಿ ಅವಳ ಪರ್ಮನೆಂಟ್ ಪತ್ರದ ಅರ್ಜಿ ನನ್ನ ಮೇಜಿಗೆ ಬಂತು. ನಾನು ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಡ್ರಾಯರಿನಲ್ಲಿಟ್ಟೆ. ಅವಳು ಒಂದು ಸಲವೂ ಕೇಳಲಿಲ್ಲ. ಮುದುಕವ್ವ ಫೋನ್ ಮಾಡಿದಾಗ ಮೇಲಿನ ರೂಮಿನಿಂದ ಅವಳ ದನಿ ಕೇಳುತ್ತಿತ್ತು. "ಬರ್ತೈತಿ ಬೇ. ಅಕ್ಕಾರ ಕಡೆ ಐತಿ. ಅವ್ರು ಎಲ್ಲಾ ನೋಡೇ ಸೈನ್ ಮಾಡಾವ್ರು, ಅದಕ್ಕ ತಡ." ಆ ಮಾತಿಗೂ ನನಗೆ ಸಿಟ್ಟೇ ಬಂತು. ಇವಳು ನನ್ನನ್ನು ಅನುಮಾನಿಸಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು.

ಒಂದು ಸೋಮವಾರ ಊಟದ ಹೊತ್ತಿನಲ್ಲಿ ಒಂಬತ್ತನೇ ಸಾಲನ್ನು ಅಳಿಸಿದೆ.

ಬೆರಳು ತಾನಾಗಿ ಹೋಯಿತು, ಗೊತ್ತಿಲ್ಲದೆ ಆಯಿತು ಎಂದೆಲ್ಲ ಹೇಳುವುದಿಲ್ಲ. ನನ್ನ ಮಾತು, ನನ್ನದನ್ನು ನಾನು ತೆಗೆದುಕೊಂಡೆ ಎಂದುಕೊಂಡೆ. ಆಮೇಲೆ ಹತ್ತನ್ನು ಒಂಬತ್ತು ಮಾಡಿದೆ, ಹನ್ನೊಂದನ್ನು ಹತ್ತು, ಹನ್ನೆರಡನ್ನು ಹನ್ನೊಂದು. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದೆ. ಫೈಲ್ ಉಳಿಸಿ, ಕೈ ತೊಳೆದು, ಚಿತ್ರಾನ್ನದ ಡಬ್ಬಿ ಬಿಚ್ಚಿದೆ.

ಭುವನೇಶ್ವರಿಗೆ ಗೊತ್ತಾಗಲಿಲ್ಲ. ಮೂರು ತಿಂಗಳಿಂದ ತಪ್ಪದೆ ನಡೆದ ವಸ್ತು, ಅವಳು ಇಡೀ ಫೈಲನ್ನು ಎತ್ತಿ ಎಐಗೆ ಅಂಟಿಸುತ್ತಿದ್ದಳು, ದಿನಾ ಓದುತ್ತ ಕೂರುತ್ತಿರಲಿಲ್ಲ. ದಿನಾ ಓದುತ್ತಿದ್ದವಳು ನಾನೊಬ್ಬಳೇ.

ಬುಧವಾರ ಪುಣೆಯಿಂದ ದೂರು ಬಂತು. ನಲವತ್ತು ವಾಲ್ವ್ ಬಾಡಿಗಳಲ್ಲಿ ರಂಧ್ರ ದೊಡ್ಡದಾಗಿದೆ, ಉತ್ತರ ಮರುದಿನ ನಾಲ್ಕು ಗಂಟೆಯೊಳಗೆ ಬೇಕು. ಆ ಮಾಲು ಎರಡು ಶಿಫ್ಟಿನಲ್ಲಿ ತಯಾರಾಗಿತ್ತು. ಮೊದಲ ಶಿಫ್ಟಿನ ಅಳತೆಗಳು ಹಾಳೆಯಲ್ಲಿದ್ದವು. ಎರಡನೇ ಶಿಫ್ಟಿನದು ಖಾಲಿ. ಯಾಕೆಂದರೆ ರಂಧ್ರ ಅಳೆಯುವ ನಮ್ಮ ಏಳನೇ ನಂಬರಿನ ಗೇಜನ್ನು ಆ ಮಾಲು ತಯಾರಾದ ದಿನ ಮಧ್ಯಾಹ್ನವೇ ತಪಾಸಣೆಗೆಂದು ಹೊರಗಿನ ಲ್ಯಾಬಿಗೆ ಕಳಿಸಿದ್ದೆವು. ಕಳಿಸಿದ ಚೀಟಿ ಬರೆದವಳು ನಾನೇ.

ಗುರುವಾರ ಮಧ್ಯಾಹ್ನದವರೆಗೂ ಭುವನೇಶ್ವರಿ ಮಿಷನ್ ಹತ್ತಿರ ಓಡಾಡಿ ಕಾರಣ ಹುಡುಕಿದಳು. ಮೂರೂವರೆಗೆ ಬಂದು ಎಲ್ಲವನ್ನೂ ಎಐಗೆ ಕೊಟ್ಟಳು. ರುದ್ರೇಶ್ ಸಾರ್ ಅವಳ ಕುರ್ಚಿಯ ಹಿಂದೆಯೇ ನಿಂತು, "ಬೇಗ ಭುವಿ, ಬೇಗ, ಟೈಮ್ ಇಲ್ಲ" ಎಂದು ಅವಸರ ಮಾಡುತ್ತಿದ್ದರು. ಪ್ರಿಂಟ್ ಬಂತು. ತಾಳೆ ಹಾಕಲು ಪೆನ್ಸಿಲ್ ಕೈಗೆತ್ತಿಕೊಂಡವಳನ್ನು ಅವರು ತಡೆದರು.

"ಅಯ್ಯೋ, ಅದೆಲ್ಲ ಈಗ ಬೇಡಮ್ಮ."

"ಅಕ್ಕಾ ನೋಡ್ತಾರ್ರೀ ಸರ್. ಅವ್ರು ನೋಡಿದ್ರ ಸಾಕು" ಎಂದು ಅವಳು ಕಾಗದವನ್ನು ನನ್ನ ಮುಂದಿಟ್ಟಳು.

ನಾನು ಓದಿದೆ. ಮಾದರಿ ವರದಿಯಲ್ಲಿ ಎರಡು ಶಿಫ್ಟಿನ ಅಳತೆಗಳಿದ್ದವು, ಹಾಗಾಗಿ ಯಂತ್ರ ಇಲ್ಲಿಯೂ ಎರಡನ್ನೂ ಬರೆದಿತ್ತು. ಇಲ್ಲದ ಅಳತೆಯನ್ನು ತಾನೇ ಹುಟ್ಟಿಸಿಕೊಂಡಿತ್ತು. ಐದು ಸಂಖ್ಯೆಗಳು, ಮೊದಲ ಶಿಫ್ಟಿನ ಸಂಖ್ಯೆಗಳಿಗಿಂತ ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಅಳೆದದ್ದು ಏಳನೇ ನಂಬರ್ ಗೇಜಿನಿಂದ ಎಂದೂ ಬರೆದಿತ್ತು. ಇನ್ನೊಂದು ಸಲ ಓದಿದೆ. ರುದ್ರೇಶ್ ಸಾರ್ ಗಡಿಯಾರ ನೋಡುತ್ತಿದ್ದರು, ಭುವನೇಶ್ವರಿ ನೀರು ಕುಡಿಯುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

ನಾನು ಸಹಿ ಹಾಕಿದೆ.

ಶನಿವಾರ ಬೆಳಿಗ್ಗೆ ಪುಣೆಯ ಅಧಿಕಾರಿ ಖುದ್ದಾಗಿ ಬಂದಿಳಿದ. ಸಣಕಲು ಮನುಷ್ಯ, ದನಿ ಎತ್ತದೆ ಮಾತಾಡುವವನು. ಗೇಜುಗಳ ಕಡತ ಕೇಳಿದ, ತಿರುವಿದ, ಒಂದು ಚೀಟಿಯ ಮೇಲೆ ಬೆರಳಿಟ್ಟ. ಲ್ಯಾಬಿನಲ್ಲಿದ್ದ ಗೇಜಿನಿಂದ ನೀವು ಇಲ್ಲಿ ಹೇಗೆ ಅಳೆದಿರಿ ಎಂದು ಕೇಳಿದ. ಸೋಮವಾರದವರೆಗೆ ಟೈಮ್ ಕೊಡುತ್ತೇನೆ, ಈ ಸಂಖ್ಯೆಗಳು ಎಲ್ಲಿಂದ ಬಂದವು ಎಂದು ಬರೆದು ತಿಳಿಸಿ, ಅಲ್ಲಿಯವರೆಗೆ ನಿಮ್ಮ ಮಾಲು ಬೇಡ ಎಂದು ಹೇಳಿ ಕಾರು ಹತ್ತಿದ.

ರುದ್ರೇಶ್ ಸಾರ್ ನಮ್ಮಿಬ್ಬರನ್ನೂ ಕ್ಯಾಬಿನ್ನಿಗೆ ಕರೆದರು. ಮುಖ ಕೆಂಡ.

"ಯಾರ್ರೀ ತಗೊಂಡಿದ್ದು ಈ ರೀಡಿಂಗು?"

"ಯಾರೂ ತಗೊಂಡಿಲ್ರಿ ಸರ್" ಎಂದಳು ಭುವನೇಶ್ವರಿ. ಅವಳ ತುಟಿ ಬಿಳಿಚಿತ್ತು, ದನಿ ಮಾತ್ರ ನಡುಗಲಿಲ್ಲ. "ಎಐ ಬರದೈತಿ. ಪ್ರಾಂಪ್ಟಿನ್ಯಾಗ ಒಂದ್ ಸಾಲು ಇಲ್ರಿ, ಈಗ ನೋಡೀನಿ. ನನ್ನ ಕೈಯಾಗೇ ಅಳಿಸೇತೋ ಏನೋ. ಶೀಟಿಗೆ ತಾಳೆ ಹಾಕ್ಬೇಕಿತ್ತು, ಹಾಕ್ಲಿಲ್ಲ. ತಪ್ಪು ನಂದರಿ."

"ಅನುಸೂಯಮ್ಮ ಸೈನ್ ಇದೆಯಲ್ಲಮ್ಮ ಇದ್ರಲ್ಲಿ?"

"ಅಕ್ಕಾರ್ದು ಏನೂ ತಪ್ಪಿಲ್ರಿ. ನಾ ಅವಸರ ಮಾಡೀನಿ, ಓದಾಕ ಟೈಮ್ ಕೊಡ್ಲಿಲ್ಲ. ಓದಿದ್ರ ಅವ್ರು ಸೈನ್ ಹಾಕ್ತಿದ್ರೇನ್ರಿ?"

ಅವಸರ ಮಾಡಿದ್ದು ಯಾರೆಂದು ನಮ್ಮ ಮೂವರಿಗೂ ಗೊತ್ತಿತ್ತು. ರುದ್ರೇಶ್ ಸಾರ್ ಪೇಪರ್ ವೇಟ್ ತಿರುಗಿಸುತ್ತ ಕೂತರು. ಆಮೇಲೆ ನನ್ನ ಕಡೆ ತಿರುಗಿದರು.

"ಇವ್ಳ ಕನ್ಫರ್ಮೇಷನ್ ನಿಮ್ಮ ಹತ್ರ ಇದ್ಯಲ್ಲ, ಅದನ್ನ ಹರಿದು ಹಾಕಿ. ಭುವನೇಶ್ವರಿ, ಈ ತಿಂಗಳು ಕೊನೆಗೆ ಬೇರೆ ಕಡೆ ನೋಡ್ಕೋಮ್ಮ. ಅನುಸೂಯಮ್ಮ, ಸೋಮವಾರದಿಂದ ಮೊದ್ಲಿನ ಥರ ನೀವೇ ಬರೀರಿ. ಈ ಮಿಷನ್ನಿನ ಸಹವಾಸ ಬೇಡ, ನಿಮ್ಮ ಪೆನ್ನೇ ವಾಸಿ."

ಮೂರು ತಿಂಗಳಿಂದ ನಾನು ಕೇಳಬೇಕೆಂದಿದ್ದ ಮಾತು, ಒಂದಕ್ಷರ ಆಚೀಚೆ ಇಲ್ಲ. ಕೇಳಿ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಆಯಿತು. ಆದರೆ ಪಕ್ಕಕ್ಕೆ ನೋಡಿದರೆ ಅವಳು ನಿಂತಿದ್ದಾಳೆ. ಮಾಡದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು, ನನ್ನನ್ನು ಅದರಿಂದ ಆಚೆ ಸರಿಸಿ, ನೆಟ್ಟಗೆ ನಿಂತಿದ್ದಾಳೆ. ಇಪ್ಪತ್ತನಾಲ್ಕು ವರ್ಷದ ಹುಡುಗಿ! ಆಗ ಬಂತು ನೋಡಿ ನನಗೆ, ಇಷ್ಟು ದಿನದ್ದನ್ನೆಲ್ಲ ಮೀರಿಸುವ ಹೊಟ್ಟೆಕಿಚ್ಚು. ವರದಿಯಲ್ಲಿ ಮೀರಿಸಿದ್ದು ಸಾಲದೆಂದು ಇದರಲ್ಲೂ ನನ್ನನ್ನು ಮೀರಿಸಿ ನಿಲ್ಲುತ್ತಾಳೆಯೇ? ಇದನ್ನಂತೂ ನಾನು ಬಿಟ್ಟುಕೊಡಲಾರೆ ಎನಿಸಿತು. ಪಾಪಪುಣ್ಯ ಯೋಚಿಸಿ ಬಾಯಿಬಿಟ್ಟೆ ಎಂದು ಯಾರಾದರೂ ತಿಳಿದರೆ ಅದು ತಪ್ಪು.

"ಸಾರ್, ಆ ಸಾಲು ಅಳಿಸಿದ್ದು ನಾನು."

ರುದ್ರೇಶ್ ಸಾರ್ ಮುಖ ಸಡಿಲವಾಯಿತು.

"ಅನುಸೂಯಮ್ಮ, ನಿಮ್ಮ ಮನಸ್ಸು ದೊಡ್ಡದು. ನಿಮ್ಮ ಮನೆ ಹುಡುಗಿ, ಉಳಿಸ್ಕೋಬೇಕು ಅಂತ ಹೇಳ್ತಿದ್ದೀರ. ಆದ್ರೆ ಹೇಳೋ ಸುಳ್ಳನ್ನ ಸ್ವಲ್ಪ ನಂಬೋ ಥರ ಹೇಳಿ. ಕಂಪ್ಯೂಟರ್ ಆನ್ ಮಾಡೋಕೂ ಸೊಣ್ಣಮ್ಮನ್ನ ಕರೀತೀರ ನೀವು!"

ನಕ್ಕೂ ಬಿಟ್ಟರು. ಇಷ್ಟು ದೊಡ್ಡ ಪಾಪ ಮಾಡಿ ನಿಂತಿದ್ದೇನೆ, ಇದು ಇವಳ ಕೈಲಾಗುವ ಕೆಲಸವಲ್ಲ ಎಂದು ಈ ಮನುಷ್ಯ ನಗುತ್ತಾನೆ! ಆ ಅವಮಾನಕ್ಕೆ ನನ್ನ ಕಿವಿ ಬಿಸಿಯಾಯಿತು.

"ಭುವನೇಶ್ವರಿ, ಹಳೇ ಪ್ರಾಂಪ್ಟ್ ನಿನ್ನ ಫೋನಲ್ಲಿದೆಯಾ?" ಎಂದೆ.

"ಐತ್ರೀ ಅಕ್ಕಾ."

"ತೆಗೆದು ಸಾರ್ ಕೈಗೆ ಕೊಡು."

ಅವಳು ಕೊಟ್ಟಳು. ನಾನು ಕಣ್ಣು ಮುಚ್ಚಿ ಶುರುಮಾಡಿದೆ. ನೀನು ಪೀಣ್ಯದ ವಾಲ್ವ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಹೆಂಗಸು. ಓದುವವರು ಪುಣೆಯ ಎಂಜಿನಿಯರು, ಅವರಿಗೆ ಪುರುಸೊತ್ತಿಲ್ಲ. ಉತ್ತರ ಇಂಗ್ಲಿಷಿನಲ್ಲಿರಲಿ, ಏಳೇ ಕಲಮು, ಕ್ರಮ ಬದಲಿಸಬೇಡ, ಕಲಮಿನ ಹೆಸರೂ ಬದಲಿಸಬೇಡ. ಒಂದು ಕಲಮಿಗೆ ಐದು ವಾಕ್ಯಕ್ಕಿಂತ ಹೆಚ್ಚು ಬೇಡ. ರುದ್ರೇಶ್ ಸಾರ್ ಬೆರಳು ಪರದೆಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುವುದು ಕಣ್ಣು ತೆರೆದಾಗ ಕಾಣಿಸಿತು. ನಗು ನಿಂತಿತ್ತು. ಕ್ಷಮೆ ಒಂದೇ ಸಲ, ಕೊನೆಯಲ್ಲಿ. ಕಾರಣದ ಕಲಮಿನಲ್ಲಿ ಇರಬಹುದು ಎಂಬ ಮಾತು ಬೇಡ. ಆಪರೇಟರ್ ಹೆಸರು ಬರೆಯಬೇಡ, ಮಿಷನ್ ನಂಬರ್ ಬರೆ. ಒಂಬತ್ತನೆಯದನ್ನೂ ಹೇಳಿದೆ, ಅದರಾಚೆಯವನ್ನೂ ಹೇಳಿದೆ. ಮಾದರಿಯ ಆಕಾರ ತಗೋ, ಅದರ ಸಂಗತಿ ತಗೋಬೇಡ. ಮುನ್ನುಡಿ ಬೇಡ, ಕೊನೆಗೆ ಇನ್ನೇನಾದರೂ ಬೇಕೇ ಎಂದು ಕೇಳಬೇಡ. ಮುಗಿಸಿದ ಮೇಲೆ ಏಳೂ ಕಲಮು ಇವೆಯೇ ಎಂದು ನೋಡಿಕೊ.

"ಒಂಬತ್ತನೇದು ಅಳಿಸಿ, ಮುಂದಿನ ಮೂರು ಸಾಲಿಗೆ ನಂಬರ್ ತಿದ್ದಿದೆ ಸಾರ್. ಸೋಮವಾರ, ಊಟದ ಹೊತ್ತಲ್ಲಿ" ಎಂದೆ.

ರುದ್ರೇಶ್ ಸಾರ್ ಫೋನನ್ನು ಮೇಜಿನ ಮೇಲಿಟ್ಟರು.

"ಯಾಕೆ ಅನುಸೂಯಮ್ಮ?"

"ಹೊಟ್ಟೆಕಿಚ್ಚು ಸಾರ್. ಬೇರೆ ಏನೂ ಇಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಅರ್ಜಿ ತರಿಸಿದರು, ನನ್ನ ಹೆಸರಿದ್ದ ಜಾಗಕ್ಕೆ ಅಡ್ಡಗೆರೆ ಎಳೆದು ತಾವೇ ಸಹಿ ಮಾಡಿದರು. ಪುಣೆಗೆ ಇದ್ದದ್ದನ್ನು ಇದ್ದ ಹಾಗೆ ಬರೆಯಲು ಭುವನೇಶ್ವರಿಗೆ ಹೇಳಿದರು. ನನ್ನ ಕಡೆ ನೋಡದೆ, ಸೋಮವಾರದಿಂದ ಒಳಗೆ ಬರುವ ಕಚ್ಚಾ ಮಾಲಿನ ವಿಭಾಗಕ್ಕೆ ಹೋಗಿ, ವರದಿಗಳ ಮೇಲೆ ಇನ್ನು ನಿಮ್ಮ ಸಹಿ ಬೇಡ ಎಂದರು. ನಾನು ತಲೆಯಾಡಿಸಿದೆ.

ಇಬ್ಬರೂ ಹೊರಗೆ ಬಂದೆವು. ಅವಳು ಬೈಯಲಿ, ಕೂಗಾಡಲಿ, ರೂಮು ಖಾಲಿ ಮಾಡುತ್ತೇನೆ ಎನ್ನಲಿ ಎಂದು ಕಾದೆ. ಅವಳು ನನ್ನ ಮುಂದೆ ನಿಂತಳು. ಕಾಗದ ಕೈಯಲ್ಲಿತ್ತು, ಅದರ ಕಡೆ ಅವಳ ಗಮನವೇ ಇರಲಿಲ್ಲ.

"ಅಕ್ಕಾ, ಒಂದು ಕೇಳ್ತೀನ್ರಿ. ಗುರುವಾರ ಸೈನ್ ಹಾಕೋ ಮೊದ್ಲ ಓದಿದ್ರೇನು?"

ಇಲ್ಲ ಎಂದಿದ್ದರೆ ನಂಬುತ್ತಿದ್ದಳು. ಇಲ್ಲ ಎನ್ನಲಿ ಎಂದೇ ಅವಳು ಕೇಳಿದ್ದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಓದಿದೆ ಕಣೇ. ಎರಡು ಸಲ ಓದಿದೆ. ಗೇಜ್ ನಂಬರ್ ನೋಡಿದ ತಕ್ಷಣ ಗೊತ್ತಾಯ್ತು."

ಅಷ್ಟು ಹೊತ್ತು ನೆಟ್ಟಗೆ ನಿಂತಿದ್ದ ಹುಡುಗಿ ಪಕ್ಕದ ಇನ್ಸ್‌ಪೆಕ್ಷನ್ ಟೇಬಲ್ಲಿನ ಅಂಚು ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

"ಸಾಲು ಅಳಿಸಿದ್ರಿ, ಅದು ಹೋಗ್ಲಿ, ಮತ್ತ ಬರಕೋತೀನಿ" ಎಂದಳು. "ನಾಳೆ ನಾ ಬರದದ್ದು ಸರಿ ಐತೋ ತಪ್ಪೋ ಅಂತ ಯಾರಿಗೆ ತೋರಿಸ್ಲಿ ಅಕ್ಕಾ?"